ಇಪ್ಪತ್ತೈದನೆಯ ಹೆಸರು

ಸೈಕಲ್ ಗಂಟೆಯೇ ಇರಬೇಕು, ಅಲ್ಲ, ಎತ್ತಿನ ಕೊರಳಿನದು, ಸೈಕಲ್ಲಿನದು ಹೀಗೆ ಬಿಟ್ಟು ಬಿಟ್ಟು ಕುಲುಕುವುದಿಲ್ಲ, ಸಿಟ್ಟು ಬಂದವರ ಹಾಗೆ ಒಂದೇ ಸಲ ಟ್ರಿಣ್ ಅನ್ನುತ್ತದೆ — ಇನ್ಸ್‌ಪೆಕ್ಟರು ಆನವಟ್ಟಿಯಲ್ಲಿ ಬಸ್ಸಿಳಿದು ಬಾಡಿಗೆ ಸೈಕಲ್ಲಿನಲ್ಲಿ ಬರುತ್ತಾರೆ ಅಂತ ಹೊಸಬಾಳೆಯ ಮೇಷ್ಟರು ಹೇಳಿ ಕಳಿಸಿದ್ದಾರೆ, ಹತ್ತು ಗಂಟೆಗೆ ಅಂತ ಕಾಗದದಲ್ಲಿತ್ತು, ಈಗ ಎಷ್ಟಾಯಿತೋ, ನನ್ನ ಶಾಲೆಗೆ ಗಡಿಯಾರವಿಲ್ಲ, ಹೆಂಚಿನ ನಡುವಿನ ಗಾಜಿನಿಂದ ಬೀಳುವ ಬಿಸಿಲು ಎರಡನೇ ಕ್ಲಾಸು ದಾಟಿ ಮೂರನೇ ಕ್ಲಾಸಿಗೆ ಬಂದಿದೆ, ಅಂದರೆ ಹತ್ತೂವರೆ ಆಗಿಹೋಯಿತು. ಎರಡನೇ ಕ್ಲಾಸು ಮೂರನೇ ಕ್ಲಾಸು ಅಂದರೆ ಕೇಳಿದವರು ಬೇರೆ ಬೇರೆ ಕೋಣೆ ಅಂದುಕೊಳ್ಳಬೇಕು, ಇರುವುದು ಒಂದೇ ಕೋಣೆ, ಮೊದಲು ಯಾರದೋ ಭತ್ತದ ಮೂಟೆ ಇಡುತ್ತಿದ್ದ ಮನೆ, ಈಗಲೂ ಮೂಲೆಯಲ್ಲಿ ಗುಡಿಸಿದರೆ ಹಿಡಿ ಹೊಟ್ಟು ಸಿಗುತ್ತದೆ, ನಾಲ್ಕು ಸಾಲು ಮಕ್ಕಳು, ನಾಲ್ಕು ಕ್ಲಾಸು, ಒಬ್ಬಳೇ ನಾನು — ಸರ್ವಮಂಗಳ, ಶಿಕಾರಿಪುರದ ಮಗಳು, ಈ ಊರಿನ ಸೊಸೆ, ಶಿವಮೊಗ್ಗದಲ್ಲಿ ಟ್ರೈನಿಂಗ್ ಪಾಸು ಮಾಡಿದವಳು, ಇಡೀ ಕೇರಿಗೆ ಅಕ್ಕೋರು. ಇನ್ನೊಂದು ಸಲ ಎಣಿಸೋಣ, ಒಂದು ಎರಡು ಮೂರು, ಏಯ್ ಕೂತುಕೊಳ್ಳೋ, ನೀನು ಎದ್ದರೆ ಲೆಕ್ಕ ತಪ್ಪುತ್ತದೆ, ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತೈದು, ಇದೆ, ಎಲ್ಲವೂ ಇವೆ, ಬೆಳಗಿನಿಂದ ಆರು ಸಲ ಎಣಿಸಿದೆ, ಆರು ಸಲವೂ ಇಪ್ಪತ್ತೈದೇ ಬಂದರೂ ಏಳನೆಯ ಸಲ ಇಪ್ಪತ್ತನಾಲ್ಕು ಬಂದರೇನು ಗತಿ. ಯಾಕೆಂದರೆ ಆರ್ಡರು ಬಂದಿದೆ, ಇಪ್ಪತ್ತೈದಕ್ಕೆ ಒಂದು ಕಡಿಮೆಯಿದ್ದರೂ ಶಾಲೆ ಮುಚ್ಚಿ ಮಕ್ಕಳನ್ನು ಹೊಸಬಾಳೆಗೆ ಸೇರಿಸುವುದು. ಹೊಸಬಾಳೆಗೆ ಎರಡೇ ಮೈಲಿ, ಮೇಜಿನ ಹಿಂದೆ ಕೂತು ಬರೆದವರಿಗೆ ಎರಡು ಮೈಲಿ ಏನು ಮಹಾ, ಆದರೆ ನಡುವೆ ಹಳ್ಳವಿದೆಯಲ್ಲ, ಹಳ್ಳದ ಮೇಲೆ ಎರಡು ದಿಮ್ಮಿ ಜೋಡಿಸಿದ ಸಂಕ, ಮಳೆಗಾಲದಲ್ಲಿ ಅದರ ಮೇಲೆ ದೊಡ್ಡವರೇ ಕೂತು ಜಾರುತ್ತಾ ದಾಟುತ್ತಾರೆ. ವರದಮ್ಮಜ್ಜಿ ನನ್ನೆದುರಿಗೇ ಹೇಳಿಬಿಟ್ಟಳು, ಸಂಕ ದಾಟ್ಸಿ ಹೆಣ್ಣು ಹುಡ್ಗೀನ ಕಳ್ಸೋದಿಲ್ಲ ಕಣಮ್ಮ, ನಿನ್ ಶಾಲೆ ಇದ್ರೆ ಓದ್ತಾಳೆ, ಇಲ್ದಿದ್ರೆ ಕರ ಕಾಯ್ತಾಳೆ. ಒಂಬತ್ತು ಹೆಣ್ಣುಮಕ್ಕಳಿವೆ ನನ್ನ ಹತ್ತಿರ, ಒಂಬತ್ತೂ ಕರ ಕಾಯಲು ಹೋಗುತ್ತವೆ.

ಆ ಒಂಬತ್ತರಲ್ಲಿ ವರದಮ್ಮಜ್ಜಿಯ ಮೊಮ್ಮಗಳೇ ದೊಡ್ಡ ಬಾಯಿ, ಹೆಸರು ಮೂಕಮ್ಮ, ಕೊಲ್ಲೂರಿನ ತಾಯಿಗೆ ಹರಸಿಕೊಂಡು ಇಟ್ಟ ಹೆಸರು, ಹೆಸರಿಟ್ಟವರಿಗೆ ಗೊತ್ತಿರಲಿಲ್ಲ, ಆ ಹುಡುಗಿ ನಿದ್ದೆಯಲ್ಲಿ ಕೂಡ ಬಾಯಿ ಮುಚ್ಚುವುದಿಲ್ಲವಂತೆ. ಈಗಲೂ ನೋಡು, ಅಕ್ಕೋರೆ ಇನ್ಸ್‌ಪೆಟ್ರು ಮೀಸೆ ಬಿಟ್ಟಾರ, ಅಕ್ಕೋರೆ ಅವ್ರು ಹೊಡೀತಾರ, ಅಕ್ಕೋರೆ ನಕ್ಸೆ ಹರ್ದೋಗೈತೆ. ನಕ್ಷೆ ಹರಿದಿಲ್ಲ ಕಣೇ, ಜಿರಲೆ ತಿಂದಿದೆ. ರಾಜ್ಯ ದೊಡ್ಡದಾಗಿ ಎರಡು ವರ್ಷವಾಯಿತು, ನಕ್ಷೆ ಮಾತ್ರ ಇನ್ನೂ ಹಳೇ ಮೈಸೂರಿನದೇ, ಹೊಸದು ಕೊಡಿ ಅಂತ ಮೂರು ಕಾಗದ ಬರೆದೆ, ಉತ್ತರವಿಲ್ಲ, ಕೊನೆಗೆ ನಾನೇ ಬಿಳಿ ಹಾಳೆಯಲ್ಲಿ ಧಾರವಾಡ, ಕಾರವಾರ, ಬಿಜಾಪುರ ಎಲ್ಲ ಬರೆದು ಬಣ್ಣ ಹಚ್ಚಿ ಮೇಲ್ಗಡೆ ಅಂಟಿಸಿದೆ, ಗೋಂದು ಸಿಗದೆ ಅನ್ನದ ಗಂಜಿ ಬಳಿದಿದ್ದೆ, ಗಂಜಿಯ ರುಚಿಗೆ ಜಿರಲೆ ಬಂದು ಕಾರವಾರವನ್ನು ಪೂರ್ತಿ ತಿಂದುಹಾಕಿದೆ, ಧಾರವಾಡದ ಒಂದು ಮಗ್ಗುಲು ಉಳಿದಿದೆ. ಇರಲಿ, ಇನ್ಸ್‌ಪೆಕ್ಟರು ಕೇಳಿದರೆ ಕಾರವಾರ ಸಮುದ್ರದ ಪಾಲಾಯಿತು ಅನ್ನೋಣ, ಛೇ, ಇವತ್ತು ತಮಾಷೆ ಬೇಡ, ಬಾಯಿ ಬಿಗಿಹಿಡಿಯಬೇಕು, ತಮಾಷೆ ಮಾಡಲು ಹೋಗಿ ಟ್ರೈನಿಂಗಿನಲ್ಲಿ ಎರಡು ಸಲ ಬೈಸಿಕೊಂಡಿದ್ದೇನೆ. ಸೀರೆಯ ಸೆರಗಿನ ಮೇಲೆ ಸೀಮೆಸುಣ್ಣ, ಒದರಿದರೆ ಇನ್ನೂ ಹರಡಿತು. ನಮ್ಮನೆಯವರು ಬೆಳಿಗ್ಗೆ ಹೇಳಿದರು, ಹೆದ್ರಬೇಡ, ಸಾಹೇಬ್ರಿಗೆ ಕಾಫಿ ನಾನೇ ಮಾಡಿಸ್ಕೊಂಡು ತರ್ತೀನಿ, ನೀನು ಮಕ್ಳ ಕಡೆ ನೋಡ್ಕ. ಇಡೀ ವಾರದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಇದೇ ಇರಬೇಕು. ಮದುವೆಯಾಗಿ ಏಳು ವರ್ಷ, ಏಳು ವರ್ಷದ ಮಾತನ್ನೆಲ್ಲ ಒಟ್ಟು ಹಾಕಿದರೆ ಮೂಕಮ್ಮನ ಒಂದು ಬೆಳಗಿನ ಮಾತಾಗುತ್ತದೆ, ಆದರೆ ಗದ್ದೆಯ ಕೆಲಸ ಬಿಟ್ಟು ಬಂದು ಶಾಲೆಯ ಹೆಂಚು ಹೊದಿಸಿದವರು ಅವರೇ, ಕೇಳದೆಯೇ.

ಅವರ ಹೆಸರನ್ನು ಮಾತ್ರ ನಾನು ಹೇಳುವ ಹಾಗಿಲ್ಲ. ಮನಸ್ಸಿನಲ್ಲಿ ಕೂಡ ಹೇಳುವುದಿಲ್ಲ, ಅಭ್ಯಾಸವೇ ತಪ್ಪಿಹೋಗಿದೆ, ಆ ಹೆಸರು ಬರಬೇಕಾದ ಜಾಗದಲ್ಲಿ ಮನಸ್ಸು ತಾನಾಗಿಯೇ ಸಂಕ ದಾಟಿದ ಹಾಗೆ ಆಚೆಗೆ ಕಾಲಿಡುತ್ತದೆ, ಅವರು, ಇವರು, ನಮ್ಮನೆಯವರು. ಗಂಡನ್ ಹೆಸ್ರು ಬಾಯಲ್ಲಿ ತಂದ್ರೆ ಆಯಸ್ಸು ಕಮ್ಮಿ ಆಗ್ತದೆ ಕಣೆ ಅಂತ ಅತ್ತೆ ಮೊದಲ ದಿನವೇ ಹೇಳಿದರು, ಅತ್ತೆಯನ್ನು ಬೈಯುವುದೇಕೆ, ನಮ್ಮಮ್ಮನೂ ಹೇಳಿಕೊಟ್ಟದ್ದು ಅದೇ. ನಂಬುತ್ತೀಯಾ ಸರ್ವಮಂಗಳ ಅಂತ ಯಾರಾದರೂ ಕೇಳಿದರೆ ಇಲ್ಲ ಅನ್ನುತ್ತೇನೆ, ಟ್ರೈನಿಂಗ್ ಆದವಳು ನಾನು, ಆದರೆ ನಂಬಿಕೆ ಸುಳ್ಳೋ ನಿಜವೋ ಅಂತ ಅವರ ಆಯುಷ್ಯದ ಮೇಲೆ ಪರೀಕ್ಷೆ ಮಾಡಿ ನೋಡಲು ಮನಸ್ಸು ಬರುವುದಿಲ್ಲ, ಇಷ್ಟೇ ವಿಷಯ. ಹೆಸರಿನ ಅರ್ಧ ಒಂದು ವಾರದ ಹೆಸರಿನೊಳಗಿದೆ, ಅದಕ್ಕೆ ಬುಧವಾರದ ಮರುದಿನವನ್ನು ನಾನು ಬೇಸ್ತವಾರ ಅನ್ನುತ್ತೇನೆ, ಇನ್ನರ್ಧ ಒಂದು ಹೂವಿನ ಹೆಸರನ್ನು ಮುಟ್ಟುತ್ತದೆ, ಆನವಟ್ಟಿ ಸಂತೆಯಲ್ಲಿ ಆ ಬಿಳೀ ಹೂವು ಒಂದು ಮೊಳ ಕೊಡಿ ಅನ್ನುತ್ತೇನೆ, ಹೂವಿನವಳು ನಗುತ್ತಾಳೆ, ಅವಳಿಗೂ ಗಂಡನಿದ್ದಾನೆ, ಅರ್ಥವಾಗುತ್ತದೆ. ಬರೆಯಲು ಏನೂ ಅಡ್ಡಿಯಿಲ್ಲ, ಬರೆದದ್ದಕ್ಕೆ ದೋಷವಿಲ್ಲ, ಹಾಜರಿ ಪುಸ್ತಕದ ಕೊನೆಯ ಗೆರೆಯಲ್ಲಿ ಆ ಹೆಸರನ್ನು ದುಂಡಗೆ ನಾನೇ ಬರೆದಿದ್ದೇನೆ. ಯಾಕೆಂದರೆ ಹೋದ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿದ ಹಾಲಮ್ಮನ ಮಗನದೂ ಅದೇ ಹೆಸರು. ಸೇರಿಸಲು ಬಂದ ಹಾಲಮ್ಮನನ್ನು ಹುಡುಗನ ಹೆಸರೇನು ಅಂದರೆ ಅವಳು ಬಾಯಿಗೆ ಸೆರಗು ಹಿಡಿದಳು, ಅದು ನಮ್ ಮಾವನೋರ ಹೆಸ್ರು ಅಕ್ಕೋರೆ, ನಾ ಹೆಂಗ್ ಹೇಳ್ಲಿ, ಜೊತೆಗೆ ಬಂದ ಅಜ್ಜಿಯ ಕಡೆ ತಿರುಗಿದರೆ ಅಜ್ಜಿಗಂತೂ ಅದು ಗಂಡನ ಹೆಸರು, ಕೊನೆಗೆ ಹಾಲಮ್ಮ ಬೇಲಿಯಾಚೆ ಗಾಡಿ ಹೊಡೆದುಕೊಂಡು ಹೋಗುತ್ತಿದ್ದ ಯಾರನ್ನೋ ನಿಲ್ಲಿಸಿ ಹೇಳಿಸಿದಳು, ಕೇಳಿದ ನಾನು ಬರೆದುಕೊಂಡು ನಾಲಿಗೆ ಕಚ್ಚಿಕೊಂಡೆ. ಮೂರು ಹೆಂಗಸರು, ಮೂವರಿಗೂ ಹೇಳಲಾಗದ ಹೆಸರು ಆ ಪುಟ್ಟ ಹುಡುಗನಿಗೆ. ಮನೆಯಲ್ಲಿ ಏನಂತ ಕರೀತೀರಿ ಅಂದೆ, ಮರಿ ಅಂತೀವಿ. ನಾನೂ ಮರಿ ಅಂದೆ. ಎಂಟು ತಿಂಗಳಿಂದ ಇಪ್ಪತ್ತನಾಲ್ಕು ಹೆಸರು ಕರೆದು, ಕೊನೆಗೆ ಮರಿ ಅನ್ನುತ್ತೇನೆ, ಅವನು ಎದ್ದು ಹಾಜರ್ ಅಕ್ಕೋರೆ ಅನ್ನುತ್ತಾನೆ, ಎಲ್ಲರಿಗೂ ಸುಲಭವಾಯಿತು.

ಟ್ರಿಣ್ — ಇದು ಸೈಕಲ್ಲೇ. ಎಲ್ಲ ಎದ್ದು ನಿಲ್ಲಿ, ನಮಸ್ಕಾರ ಸಾರ್ ಅನ್ನಿ, ಒಟ್ಟಿಗೆ ಅನ್ನಿ. ಮೀಸೆಯಿಲ್ಲ ಇವರಿಗೆ, ಮೂಕಮ್ಮನಿಗೆ ನಿರಾಸೆ, ತಲೆಗೆ ಟೋಪಿ, ಕೋಟಿನ ಜೇಬಿನಲ್ಲಿ ಎರಡು ಪೆನ್ಸಿಲ್, ಪಂಚೆಗೆ ಸೈಕಲ್ಲಿನ ಎಣ್ಣೆ ತಾಗಿದೆ, ಅದನ್ನೇ ನೋಡಿಕೊಂಡು ಒಳಗೆ ಬರುತ್ತಿದ್ದಾರೆ, ಕೂತುಕೊಳ್ಳಿ ಮಕ್ಕಳೇ, ನಾನು ಮಹೇಶ್ವರಪ್ಪ ಅಂತ, ಹೊಸದಾಗಿ ಬಂದಿದೀನಿ, ನಿಮ್ ರಸ್ತೆ ಏನಮ್ಮ ಹೀಗಿದೆ, ಬೆನ್ನುಮೂಳೆ ಎಲ್ಲ ಎಣಿಸ್ಕೊಂಡು ಬಂದೆ. ತುಮಕೂರಿನ ಕಡೆಯ ಮಾತು, ಒಳ್ಳೆಯವರ ಹಾಗೆ ಕಾಣುತ್ತಾರೆ, ಒಳ್ಳೆಯವರ ಹಾಗೆ ಕಾಣುವವರೇ ಗಟ್ಟಿ ಬರೆಯುತ್ತಾರೆ ಅಂತ ಹೊಸಬಾಳೆಯ ಮೇಷ್ಟರು ಹೇಳಿದ್ದಾರೆ. ಕುಡಿಯುವ ನೀರಿನ ಕೊಡದ ಮುಚ್ಚಳ ಎತ್ತಿ ನೋಡಿದರು, ಪರಕೆ ಎಲ್ಲಿಡ್ತೀರಿ, ಬಾಗಿಲ ಹಿಂದೆ ಸಾರ್, ಕರೀ ಹಲಗೆಗೆ ಬಣ್ಣ ಹೊಡ್ಸಿದ್ದು ಯಾರು, ಇದ್ದಿಲು ಅರೆದು ನಾವೇ ಬಳಿದದ್ದು ಸಾರ್, ಹಲಗೆಯ ಮೇಲೆ ನಾನು ಬೆಳಿಗ್ಗೆ ಬರೆದ ಸುಭಾಷಿತ, ಸತ್ಯ ನುಡಿಯಲು ನಾಚಬಾರದು, ಅದನ್ನು ಎರಡು ಸಲ ಓದಿ ಅಕ್ಷರ ಮುತ್ತಿನ ಹಾಗಿದೆ ಅಂದರು, ನನ್ನ ಕತ್ತು ತಾನಾಗಿಯೇ ಒಂದು ಅಂಗುಲ ಉದ್ದವಾಯಿತು. ನಕ್ಷೆಯ ಮುಂದೆ ನಿಂತರು. ಕಾರವಾರ ಎಲ್ಲಮ್ಮ. ಸಾರ್, ಅಂಟಿಸಿದ್ದೆ, ಗಂಜಿ, ಜಿರಲೆ. ಅವರು ನಗಲಿಲ್ಲ, ಜೇಬಿನಿಂದ ಪೆನ್ಸಿಲ್ ತೆಗೆದು ಪುಟ್ಟ ಪುಸ್ತಕದಲ್ಲಿ ಏನೋ ಬರೆದುಕೊಂಡರು, ಹೋಯಿತು ಅಂದುಕೊಂಡೆ, ಬಗ್ಗಿ ನೋಡಿದರೆ ಹೊಸ ನಕ್ಷೆ ಒಂದು ಅಂತ ಬರೆದಿದ್ದಾರೆ. ಆಮೇಲೆ ಪ್ರಶ್ನೆ. ನಾಲ್ಕನೇ ಕ್ಲಾಸಿನವರು ಪಾಠ ಓದಿದರು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಲಿಲ್ಲ, ಉಸಿರು ಮುಗಿದಲ್ಲಿ ನಿಂತರು, ಆದರೂ ಓದಿದರು. ಹದಿಮೂರೇಳಲಿ ಎಷ್ಟು, ತೊಂಬತ್ತೊಂದು ಸಾ, ಸಣ್ಣಬೀರಪ್ಪ ಕೇಳುವ ಮೊದಲೇ ಹೇಳಿಬಿಟ್ಟ, ಹದಿಮೂರೆಂಟಲಿ ಕೇಳಿದ್ದರೂ ತೊಂಬತ್ತೊಂದೇ ಅನ್ನುತ್ತಿದ್ದ, ಅವನಿಗೆ ಬರುವುದು ಅದೊಂದೇ, ದೇವರು ಕಾಪಾಡಿದ. ನಮ್ ರಾಜ್ಯದ ರಾಜಧಾನಿ ಯಾವುದು, ಎರಡನೇ ಕ್ಲಾಸಿನ ಲೋಕಮ್ಮ ಎದ್ದು, ಆನವಟ್ಟಿ ಸಾ. ಯಾಕಮ್ಮ ಆನವಟ್ಟಿ. ಅಲ್ಲಿ ಎಲ್ಲಾ ಸಿಕ್ತದೆ ಸಾ. ಈ ಸಲ ನಕ್ಕರು, ಸ್ವಲ್ಪವೇ. ವಾರಗಳ ಹೆಸರು ಹೇಳಿ ನೋಡೋಣ, ಇಡೀ ಕೋಣೆ ಹಾಡಿತು, ಮಂಗಳವಾರ ಬುಧವಾರ ಬೇಸ್ತವಾರ — ಪುಸ್ತಕದಲ್ಲಿ ಬೇರೆ ಹೆಸರಿದೆಯಲ್ಲಮ್ಮ, ಎರಡೂ ಒಂದೇ ಸಾರ್, ಇಲ್ಲಿ ಹೀಗೇ ಅನ್ನುತ್ತಾರೆ ಅಂದೆ, ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ, ಅವರು ಹೂಂ ಅಂದು, ನಿಮ್ಮಂಥ ಓದಿದೋರು ಇಂಥ ಹಳ್ಳೀಲಿ ಇರೋದು ಒಳ್ಳೇದಮ್ಮ, ಜನರ ಕಂದಾಚಾರ ಎಲ್ಲ ಬಿಡಿಸಬೇಕು ನೀವು ಅಂದರು. ಹೌದು ಸಾರ್ ಅಂತ ನಾನು ತಲೆಯಾಡಿಸಿದೆ, ಎಷ್ಟು ಜೋರಾಗಿ ಆಡಿಸಿದೆ ಅಂದರೆ ಮುಡಿಯಲ್ಲಿದ್ದ ಬಿಳೀ ಹೂವು ಕೆಳಗೆ ಬಿತ್ತು.

ಇಲ್ಲಿಗೆ ಮುಗಿಯಿತು, ಇನ್ನು ಕಾಫಿ ಬರುತ್ತದೆ, ಕುಡಿಯುತ್ತಾರೆ, ಹೋಗುತ್ತಾರೆ ಅಂದುಕೊಂಡಿರುವಾಗಲೇ ಹಾಜರಿ ಪುಸ್ತಕ ಎತ್ತಿಕೊಂಡು ಕುರ್ಚಿಯಲ್ಲಿ ಕೂತರು. ಮಕ್ಕಳು ಇಪ್ಪತ್ತೈದೂ ಇವೆ ಸಾರ್, ಎಣಿಸಿ ನೋಡಿ. ಎಣಿಸೋದಲ್ಲಮ್ಮ, ತಲೆ ಎಷ್ಟು ಬೇಕಾದ್ರೂ ಸಿಗುತ್ತೆ, ಹೋದ ವಾರ ಒಂದು ಕಡೆ ಪಕ್ಕದ ಊರಿಂದ ನಾಲ್ಕು ಮಕ್ಕಳನ್ನ ಎರವಲು ತಂದು ಕೂರಿಸಿದ್ರು, ಹೆಸರು ಕರೆದಾಗ ತಾನಾಗಿ ಎದ್ದು ನಿಲ್ಲಬೇಕು, ಆಗ ಅದು ಈ ಶಾಲೆ ಮಗು, ನೀವು ಕರೀರಿ, ನಾನು ಇಲ್ಲಿ ಗುರ್ತು ಹಾಕ್ಕೊತೀನಿ. ಪುಸ್ತಕ ಅವರ ಕೈಯಲ್ಲೇ, ನನಗೆ ಬಾಯಿಪಾಠ. ಕರೆದೆ. ಒಂದೊಂದೂ ಎದ್ದವು, ಹಾಜರ್ ಅಕ್ಕೋರೆ, ಹಾಜರ್ ಅಕ್ಕೋರೆ, ಮೂಕಮ್ಮ ಹಾಜರ್ ಅಕ್ಕೋರೆ ನಮಸ್ಕಾರ ಸಾ ಅಂತ ಎರಡು ಸೇರಿಸಿ ಹೇಳಿದಳು, ಇಪ್ಪತ್ತಮೂರು, ಇಪ್ಪತ್ತನಾಲ್ಕು, ಸರಾಗವಾಗಿ ಹರಿದು ಬಂದ ಬಾಯಿ ಅದೇ ಓಟದಲ್ಲಿ ಮರಿ ಅಂದುಬಿಟ್ಟಿತು. ಹಾಜರ್ ಅಕ್ಕೋರೆ. ಪೆನ್ಸಿಲ್ ನಿಂತಿತು. ಮರಿ ಅಂತ ಇಲ್ಲಿ ಯಾವ ಹೆಸರೂ ಇಲ್ಲವಲ್ಲಮ್ಮ, ಇಲ್ಲಿರೋದು ಬೇರೆ, ಅಂತ ಅವರೇ ಕೊನೆಯ ಗೆರೆಯನ್ನು ಗಟ್ಟಿಯಾಗಿ ಓದಿದರು, ಓದಿ ಮಕ್ಕಳ ಕಡೆ ನೋಡಿದರು. ಯಾರೂ ಏಳಲಿಲ್ಲ. ನಿನ್ನ ಹೆಸರೇನೋ ಮಗು. ಮರಿ ಸಾ. ಪೂರ್ತಿ ಹೆಸರು. ಮರಿ ಸಾ. ಸಾ, ಅದು ಅವ್ನೇ ಸಾ, ಮರೀನೇ ಅದು, ಅಂತ ಮೂಕಮ್ಮ ಶುರು ಮಾಡಿದಳು, ನೀನು ಕೂತ್ಕೋ ತಾಯಿ, ಹೇಳಿಕೊಟ್ಟಿರೋ ಹಾಗಿದೆ ನಿಂಗೆ ಅಂದರು. ಅವರ ಮುಖದಲ್ಲಿದ್ದ ಒಳ್ಳೆಯತನ ಹಾಗೇ ಇತ್ತು, ಆದರೆ ಪೆನ್ಸಿಲ್ ಇಪ್ಪತ್ತನಾಲ್ಕರ ಕೆಳಗೆ ಗೆರೆ ಎಳೆಯಲು ಹೊರಟಿತ್ತು.

ಆ ಗೆರೆ ಎಳೆದರೆ ಮುಗಿಯಿತು, ನಾಳೆಯಿಂದ ಬಾಗಿಲಿಗೆ ಬೀಗ, ಮತ್ತೆ ಭತ್ತದ ಮೂಟೆ, ಲೋಕಮ್ಮ ಮೂಕಮ್ಮ ಎಲ್ಲ ಕರುಗಳ ಹಿಂದೆ. ಸಾರ್ ಅಂದೆ. ಏನು. ಅವನು ಇದೇ ಊರಿನವನು ಸಾರ್, ಹಾಲಮ್ಮನ ಮಗ. ಹಾಗಾದ್ರೆ ಅವನ ಹೆಸರು ಹಿಡಿದು ಕರೀರಿ, ನನ್ನ ದನಿ ಹೊಸದು, ನಿಮ್ಮ ದನಿ ಗೊತ್ತಲ್ಲ ಅವನಿಗೆ. ಹಲಗೆ ಮೇಲೆ ಬರೀಲಾ ಸಾರ್. ಬರೆಯೋದು ಯಾಕಮ್ಮ, ಒಂದನೇ ಕ್ಲಾಸು, ಓದಲು ಬರುತ್ತಾ ಅವನಿಗೆ, ಬಾಯಲ್ಲಿ ಕರೀರಿ. ಹೇಳಿಬಿಡು ಸರ್ವಮಂಗಳ, ಸಾರ್ ಇದು ನಮ್ಮ ಯಜಮಾನರ ಹೆಸರು, ನಾನು ಹೇಳುವ ಹಾಗಿಲ್ಲ ಅಂತ ಹೇಳಿಬಿಡು, ಅದಕ್ಕೇನು, ಸತ್ಯ ನುಡಿಯಲು ನಾಚಬಾರದು ಅಂತ ನೀನೇ ಮುತ್ತಿನ ಅಕ್ಷರದಲ್ಲಿ ಬರೆದಿದ್ದೀಯಲ್ಲ, ಆದರೆ ಕಂದಾಚಾರ ಬಿಡಿಸುತ್ತೇನೆ ಅಂತ ತಲೆಯಾಡಿಸಿ ಇನ್ನೂ ಕಾಲು ಗಂಟೆ ಆಗಿಲ್ಲ, ಬಿದ್ದ ಹೂವು ಇನ್ನೂ ಕಾಲ ಹತ್ತಿರವೇ ಇದೆ, ನಾಚಿಕೆಗೆ ನೆಲ ಬಾಯಿಬಿಡಬಾರದೇ, ಅದು ಬಾಯಿಬಿಡುವುದಿಲ್ಲ, ನಾನೂ ಬಿಡಲಿಲ್ಲ. ಆಗ ಮರಿಯ ಕಡೆ ಕಣ್ಣು ಹೋಯಿತು. ಅವನು ಕತ್ತು ತಿರುಗಿಸಿ ಹಿಂದಿನ ಸಾಲು ನೋಡುತ್ತಿದ್ದಾನೆ, ಪಕ್ಕದ ಸಾಲು ನೋಡುತ್ತಿದ್ದಾನೆ, ಬಾಗಿಲ ಕಡೆ ಕೂಡ ನೋಡಿದ, ಇನ್ಸ್‌ಪೆಕ್ಟರು ಕರೆದವನು ಯಾರು, ಯಾಕೆ ಅವನು ಏಳುತ್ತಿಲ್ಲ ಅಂತ ಹುಡುಕುತ್ತಿದ್ದಾನೆ. ತನ್ನನ್ನು ತಾನೇ ಹುಡುಕುತ್ತಿದ್ದಾನೆ. ಅದನ್ನು ನೋಡಿ ನನಗೆ ಶಾಲೆ ಮರೆತುಹೋಯಿತು, ಇನ್ಸ್‌ಪೆಕ್ಟರು ಮರೆತುಹೋದರು, ಎಂಟು ತಿಂಗಳಿಂದ ಈ ಮಗುವಿನ ಹೆಸರನ್ನು ನುಂಗಿಕೊಂಡು ಕೂತವಳು ನಾನೇ, ಮನೆಯಲ್ಲಿ ಇಬ್ಬರು ನುಂಗಿದ್ದರು, ಇಲ್ಲಿಯಾದರೂ ಸಿಗಲಿ ಅಂತ ತಂದು ಸೇರಿಸಿದರೆ ನಾನು ಮೂರನೆಯವಳಾದೆ, ಅ ಆ ಇ ಈ ಕಲಿಸಿದೆ, ಹಾಡು ಕಲಿಸಿದೆ, ಇವನ ಹೆಸರೊಂದನ್ನು ಕಲಿಸಲಿಲ್ಲ.

ಅತ್ತೆ ಅಂದದ್ದು ಒಂದು ಕಡೆ, ಮರಿ ಒಂದು ಕಡೆ, ನಡುವೆ ಯಾಕೋ ನೆನಪಾದದ್ದು ಮಹಾದೇವಮ್ಮ, ನನ್ನ ಸೋದರತ್ತೆ, ಮದುವೆ ಮುಗಿಸಿ ಗಂಡನ ಮನೆಗೆ ಬರುವಾಗ ಗಾಡಿಯಲ್ಲಿ ಪಕ್ಕದಲ್ಲಿ ಕೂತಿದ್ದಳು, ಅಂಜನಾಪುರದ ಕೆರೆ ದಾಟುವವರೆಗೂ ಅಳಬೇಡ ಅಳಬೇಡ ಅಂದಳು, ಆಮೇಲೆ ಅಳು ಸಾಕು, ಒಡಪು ಕಲಿ ಅಂದಳು, ಹೊಸ್ತಿಲ ಮ್ಯಾಲ ಅಕ್ಕಿ ಸೇರು ಇಟ್ಟು ನಾದಿನೇರು ಅಡ್ಡ ನಿಂತಿರತಾರ, ಗಂಡನ ಹೆಸರು ಹೇಳದ ಒಳಗ ಬಿಡೂದಿಲ್ಲ. ಹೆಸರು ಹೇಳಬಾರದಲ್ಲ ಅತ್ತೆ. ಬರೇ ಹೆಸರು ಹೇಳಬಾರದು ಹುಚ್ಚಿ, ಒಡಪಿನೊಳಗ ಇಟ್ಟು ಹೇಳಿದ್ರ ದೋಷಿಲ್ಲ, ಬಟ್ಟಲಾಗ ಇಟ್ಟು ಕೊಟ್ಟಂಗ. ಎರಡು ಸಾಲು, ಕೊನೆಗೆ ಪ್ರಾಸ, ನಡುವೆ ಗಂಡನ ಹೆಸರು. ಹೊಸ್ತಿಲಲ್ಲಿ ನಿಂತು ತಲೆ ತಗ್ಗಿಸಿ ಓಡುವ ದನಿಯಲ್ಲಿ ಹೇಳಿ ಮುಗಿಸಿದ್ದೆ, ಯಾರಿಗೆ ಕೇಳಿಸಿತೋ ಯಾರಿಗೆ ಇಲ್ಲವೋ, ಪಕ್ಕದಲ್ಲಿ ನಿಂತಿದ್ದವರ ಮುಖ ನೋಡಲೇ ಇಲ್ಲ. ಆಗ ಹೇಳಿದ್ದೇ ಮೊದಲು, ಅದೇ ಕೊನೆ. ಆದರೆ ಒಂದೇ ಸಲ ಅಂತ ಯಾರು ಹೇಳಿದರು, ಒಡಪಿಗೆ ಮಿತಿಯುಂಟೇ, ಮಹಾದೇವಮ್ಮತ್ತೆ ಹಬ್ಬ ಹಬ್ಬಕ್ಕೂ ಹೇಳುತ್ತಾಳೆ. ಸಾರ್, ಕರೀತೀನಿ ಅಂದೆ. ಅವರು ಪೆನ್ಸಿಲ್ ಎತ್ತಿದರು. ನಾನು ಮರಿಯ ಮುಂದೆ ಹೋಗಿ ನಿಂತೆ, ಸೆರಗು ಸರಿಮಾಡಿಕೊಂಡೆ, ಕರೀ ಹಲಗೆ ಕಂಡಿತು, ಮುತ್ತಿನ ಅಕ್ಷರ ಕಂಡಿತು, ಬಾಯಿ ತಾನಾಗಿಯೇ ತವರಿನ ಮಾತಿಗೆ ತಿರುಗಿತು —

ಕರೀ ಹಲಗಿ ಮ್ಯಾಲ ಬಿಳೀ ಅಕ್ಷರ ಚಂದ,
ಇಪ್ಪತ್ತೈದು ಮಕ್ಕಳೊಳಗ ಗುರುಮಲ್ಲಪ್ಪ ಬಂದ.

ಹೇಳಿಬಿಟ್ಟೆ, ಓಡಲಿಲ್ಲ, ತಲೆ ತಗ್ಗಿಸಲಿಲ್ಲ, ಪಾಠ ಹೇಳುವ ದನಿಯಲ್ಲೇ ಒಂದೊಂದು ಅಕ್ಷರ ಬಿಡಿಸಿ ಹೇಳಿದೆ, ಹೇಳಿ ಮುಗಿಯುವ ಮೊದಲೇ ಹೊರಗಿನ ಜಗಲಿಯಿಂದ ಉತ್ತರ ಬಂತು, ಹಾಂ, ಬಂದೆ. ಬಾಗಿಲಲ್ಲಿ ಅವರು. ಕೈಯಲ್ಲಿ ಬಟ್ಟೆ ಸುತ್ತಿದ ಕಾಫಿ ಚೊಂಬು, ಇನ್ನೊಂದು ಕೈಯಲ್ಲಿ ಲೋಟ, ಯಾರೋ ಕರೆದರು ಅಂತ ಓಡಿ ಬಂದು, ಕರೆದವಳು ಯಾರು ಅಂತ ಗೊತ್ತಾಗಿ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಾರೆ, ಎರಡೂ ಕಿವಿ ಕೆಂಪು. ಇಷ್ಟು ಹೊತ್ತಿಗೆ ಮಕ್ಕಳು, ನಾನು ಪ್ರಾಸದಲ್ಲಿ ಏನು ಹೇಳಿದರೂ ಹಿಂದಿನಿಂದ ಹೇಳಿ ಅಭ್ಯಾಸವಾದ ಮಕ್ಕಳು, ಒಟ್ಟಿಗೆ ಬಾಯಿ ತೆರೆದವು, ಗುರುಮಲ್ಲಪ್ಪ ಬಂದ, ಹೆಂಚು ಹಾರಿಹೋಗುವ ಹಾಗೆ, ಮೂಕಮ್ಮ ಮುಂದೆ ಬಗ್ಗಿ ಮರಿಯ ಬೆನ್ನಿಗೊಂದು ಗುದ್ದಿದಳು, ಏ ನೀನೇ ಕಣೋ, ಏಳೋ, ಮರಿ ಎದ್ದು ನಿಂತ, ಅವನ ಕಣ್ಣು ದೊಡ್ಡದಾಗಿತ್ತು, ಅಕ್ಕೋರೆ, ಅದು ನಾನಾ ಅಂದ. ನೀನೇ ಕಣಪ್ಪ. ಹಾಜರ್ ಅಕ್ಕೋರೆ. ಬಾಗಿಲಲ್ಲಿ ಅವರು ಹಾಗೇ ನಿಂತಿದ್ದಾರೆ, ಲೋಟ ಒಂದು ಕಡೆ ವಾಲಿದೆ, ಎರಡೂ ಕಿವಿ ಕೆಂಪು. ಇವರು ಯಾರು, ಇಪ್ಪತ್ತೈದು ಕೇಳಿದ್ರೆ ಇಪ್ಪತ್ತಾರು ಬಂದ್ವಲ್ಲ ಅಂದರು ಇನ್ಸ್‌ಪೆಕ್ಟರು. ನಾನು ಬಾಯಿ ತೆರೆಯುವ ಮೊದಲೇ ಮೂಕಮ್ಮ, ಅವ್ರು ಅಕ್ಕೋರ ಮನೆಯೋರು ಸಾ, ಅವ್ರ ಹೆಸ್ರೂ ಅದೇ ಸಾ, ಅದಕ್ಕೇ ಅಕ್ಕೋರು ಹೇಳಂಗಿಲ್ಲ ಸಾ, ನಂಗೆ ಆವಾಗ್ಲೇ ಗೊತ್ತಿತ್ತು ಸಾ, ನೀವು ಕೂತ್ಕೋ ಅಂದ್ರಿ. ಇನ್ಸ್‌ಪೆಕ್ಟರು ಹುಡುಗನನ್ನು ನೋಡಿದರು, ಅವರನ್ನು ನೋಡಿದರು, ನನ್ನನ್ನು ನೋಡಿದರು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ನಗಲು ಶುರುಮಾಡಿದರು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ, ನಮ್ಮನೇಲೂ ಇದೇ ಕಥೆ ಕಣಮ್ಮ, ಮೂವತ್ತು ವರ್ಷದಿಂದ ನನ್ನ ಹೆಸರು ಬರೀ ರೀ.

ಗೆರೆ ಎಳೆದರು, ಇಪ್ಪತ್ತೈದರ ಕೆಳಗೆ. ಭೇಟಿ ಪುಸ್ತಕದಲ್ಲಿ ಹಾಜರಿ ಇಪ್ಪತ್ತೈದು, ಶಾಲೆ ಮುಂದುವರಿಯಬಹುದು ಅಂತ ಬರೆದು ಸಹಿ ಹಾಕಿದರು, ಸಹಿ ಒಣಗುವಷ್ಟು ಹೊತ್ತು ಊದಿದರು, ಆಮೇಲೆ ನಗು ನಿಲ್ಲಿಸಿ ನನ್ನನ್ನು ನೋಡಿ ಮೆಲ್ಲಗೆ, ಆದ್ರೆ ಒಂದು ಮಾತಮ್ಮ, ನಾಳೆಯಿಂದ ಈ ಮಗೂನ ಹೆಸರು ಹಿಡಿದೇ ಕರೀಬೇಕು, ಒಡಪಲ್ಲಿ ಕರೀತೀರೋ ಹಾಡಲ್ಲಿ ಕರೀತೀರೋ ನಿಮಗೆ ಬಿಟ್ಟದ್ದು, ಅವನ ಹೆಸರು ಅವನಿಗೆ ಕೊಡದೆ ಇನ್ನೇನು ಕಲಿಸಿ ಏನು ಬಂತು. ಕರೀತೀನಿ ಸಾರ್ ಅಂದೆ. ಈ ಸಲ ತಲೆಯಾಡಿಸಲಿಲ್ಲ, ಬಾಯಲ್ಲೇ ಅಂದೆ. ದಿನಾನಾ ಸಾರ್ — ಇದು ನಾನು ಕೇಳಿದ್ದಲ್ಲ, ಮರಿಯೂ ಅಲ್ಲ, ಮೂಕಮ್ಮನೂ ಅಲ್ಲ, ಬಾಗಿಲ ಕಡೆಯಿಂದ ಬಂದ ಮಾತು, ಇಡೀ ವಾರಕ್ಕೆ ಒಂದು ಮಾತಾಡುವ ಮನುಷ್ಯ ಒಂದೇ ದಿನಕ್ಕೆ ಮೂರನೆಯ ಸಲ ಬಾಯಿಬಿಟ್ಟಿದ್ದಾರೆ. ದಿನಾ ಅಂದರು ಇನ್ಸ್‌ಪೆಕ್ಟರು, ರಜಾ ಬಿಟ್ಟು. ನಾಳೆ ಹೊಸ ಒಡಪು ಕಟ್ಟಬೇಕು, ದಿನಕ್ಕೊಂದು ಕಟ್ಟಬೇಕು, ಚಂದ ಬಂದ ಮುಗಿಯಿತು, ಇನ್ನು ಹೂವು ಮಾವು, ಹಳ್ಳ ಬೆಲ್ಲ, ಅತ್ತೆಗೆ ಗೊತ್ತಾದರೆ ಏನನ್ನುತ್ತಾರೋ, ಒಡಪಿಗೆ ದೋಷವಿಲ್ಲ ಅತ್ತೆ ಅಂದರಾಯಿತು, ಮರಿ ತನ್ನ ಹೆಸರನ್ನು ಮೆಲ್ಲಗೆ ತಾನೇ ಹೇಳಿ ನೋಡುತ್ತಿದ್ದಾನೆ, ಒಂದು ಸಲ, ಮತ್ತೊಂದು ಸಲ, ಇನ್ಸ್‌ಪೆಕ್ಟರು ಕಾಫಿ ಎಲ್ಲಪ್ಪ ಅಂದರು, ಮಕ್ಕಳು ನಕ್ಕವು, ಯಾರಿಗಾದರೂ ಹೇಳಬೇಕು ಒಳಗೆ ಬನ್ನಿ ಅಂತ, ನಾನೇ ಹೇಳಬೇಕು, ಹೇಳುತ್ತೇನೆ, ಕತ್ತೆತ್ತಿ ನೋಡಿದರೆ ಬಾಗಿಲಲ್ಲಿ ಅವರು, ಆವತ್ತು ಹೊಸ್ತಿಲಲ್ಲಿ ನಾನು ನೋಡದೆ ಬಿಟ್ಟ ಮುಖ, ಇಡೀ ಊರಿನಲ್ಲಿ ಎಲ್ಲರ ಬಾಯಲ್ಲೂ ಕೇಳಿದ ತಮ್ಮ ಹೆಸರನ್ನು ಇವತ್ತೇ ಕೇಳಿದವರ ಹಾಗೆ, ಕಾಫಿ ಲೋಟದಿಂದ ಹೊರಗೆ ಹನಿಯುತ್ತಿದೆ, ಅವರಿಗೆ ಗೊತ್ತಿಲ್ಲ, ಬಾಗಿಲಲ್ಲಿ ಅವರು, ಎರಡೂ ಕಿವಿ ಕೆಂಪು, ಬಾಗಿಲಲ್ಲಿ ಅವರು —